ಆಪರೇಷನ್ ಬೇಕು, ಕ್ಲಾಸ್ ಬೇಡ ಅಂದ್ರೆ ಹೇಗೆ?

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯ ವೀಕ್ಷಕರು ಇತ್ತೀಚೆಗೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಸರ, ತೂಕ ಇಳಿಸೋ ಆಪರೇಷನ್ ಮಾಡಿಸ್ಕೋಬೇಕಂತ ನಿರ್ಧಾರ ಮಾಡೇವಿ. ರೊಕ್ಕಾನೂ ಹೊಂದಿಸೇವಿ. ಡಾಕ್ಟ್ರು ಮೊದಲ ಕ್ಲಾಸಿಗೆ ಬರ್ರಿ ಅಂತಾರ. ಡಯಟಿಷಿಯನ್ ಕಡೆ ಹೋಗ್ರಿ, ಮನಸ್ಸಿನ ಡಾಕ್ಟ್ರ ಕಡೆ ಹೋಗ್ರಿ, ಎರಡು ವಾರ ಪಥ್ಯ ಮಾಡ್ರಿ ಅಂತಾರ. ಇದನ್ನೆಲ್ಲಾ ಬಿಟ್ಟು ಸೀದಾ ಆಪರೇಷನ್ ಮಾಡಿಸಿದ್ರ ಏನಾಗ್ತೈತ್ರಿ?"

ಪ್ರಶ್ನೆ ಕೇಳಿದವರನ್ನು ಗದರಿಸುವುದು ಸುಲಭ. "ಡಾಕ್ಟ್ರು ಹೇಳಿದ್ದು ಕೇಳ್ರೀ" ಅಂದುಬಿಟ್ಟರೆ ಮುಗೀತು. ಆದರೆ ಪ್ರಶ್ನೆಯಲ್ಲಿ ನ್ಯಾಯ ಇದೆ, ಮೊದಲು ಅದನ್ನು ಒಪ್ಪೋಣ. ಹಾವೇರಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿಲೋಮೀಟರ್. ರಾಣೆಬೆನ್ನೂರಿನಿಂದ ಲೆಕ್ಕ ಹಾಕಿದರೆ ನೂರು ದಾಟುತ್ತೆ. ದಾವಣಗೆರೆಗೆ ಹೋಗ್ತೀನಿ ಅಂದರೂ ಐವತ್ತರ ಆಸುಪಾಸು. ಪ್ರತಿ ಸಲ ಹೋಗಿ ಬರೋದು ಅಂದರೆ ಒಂದು ದಿನದ ದುಡಿಮೆ ಹೋಯಿತು, ಬಸ್ ಚಾರ್ಜ್ ಹೋಯಿತು, ಜೊತೆಗೆ ಬರುವವರ ದುಡಿಮೆಯೂ ಹೋಯಿತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ ಸೀಜನ್ನಿನಲ್ಲಿ ಸೋಮವಾರ, ಗುರುವಾರ ಮಾರುಕಟ್ಟೆ ಬಿಟ್ಟು ಬಾ ಅಂದರೆ ಹೇಗೆ ಬಂದಾನು? ರಾಣೆಬೆನ್ನೂರಿನ ಹೆಣ್ಣುಮಗಳಿಗೆ ಮನೆಯಲ್ಲಿ ಹತ್ತು ಜನರ ಅಡುಗೆ ಬಿಟ್ಟು ನಾಲ್ಕು ಸಲ ಹುಬ್ಬಳ್ಳಿಗೆ ಬಾ ಅಂದರೆ ಅತ್ತೆ ಕಳಿಸಬೇಕಲ್ಲ? ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ದಪ್ಪಗಿರುವವರು ಜೀವನಪೂರ್ತಿ ಉಪದೇಶ ಕೇಳಿರ್ತಾರೆ. "ಬಾಯಿ ಕಟ್ಟು, ವಾಕಿಂಗ್ ಹೋಗು" ಅಂತ ಹೇಳದ ಮನುಷ್ಯರೇ ಇರಲ್ಲ. ಈಗ ಆಸ್ಪತ್ರೆಯಲ್ಲೂ ಕೂತು ಅದನ್ನೇ ಕೇಳಬೇಕಾ ಅನ್ನೋ ಬೇಸರ ಸಹಜ.

ಈ ನ್ಯಾಯವನ್ನೆಲ್ಲ ಒಪ್ಪಿದ ಮೇಲೂ ನನ್ನ ಉತ್ತರ: ಕ್ಲಾಸ್ ತಪ್ಪಿಸಬೇಡಿ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಇದು ಕೊಬ್ಬು ತೆಗೆಯುವ ಆಪರೇಷನ್ ಅಲ್ಲ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ತೀರಿಕೊಂಡಾಗ "ತೂಕ ಇಳಿಸೋಕೆ ಹೋಗಿ ಪ್ರಾಣ ಕಳಕೊಂಡ್ರು" ಅಂತ ಎಲ್ಲೆಡೆ ಸುದ್ದಿ ಆಯಿತು. 21 ವರ್ಷದ ಹುಡುಗಿ. ವೈದ್ಯರ ನಿರ್ಲಕ್ಷ್ಯವೇ ಕಾರಣ ಅಂತ ತಂದೆ-ತಾಯಿ ಆರೋಪ ಮಾಡಿದರು. ಆದರೆ ಆಕೆಗೆ ಆಗಿದ್ದು ಚರ್ಮದ ಕೆಳಗಿನ ಕೊಬ್ಬು ತೆಗೆಯುವ ಸೌಂದರ್ಯ ಚಿಕಿತ್ಸೆ. ನಾವು ಈಗ ಮಾತಾಡುತ್ತಿರೋದು ಬೇರಿಯಾಟ್ರಿಕ್ ಸರ್ಜರಿ ಬಗ್ಗೆ. ಇದು ಅಂದ ಹೆಚ್ಚಿಸುವ ಆಪರೇಷನ್ ಅಲ್ಲ. ಶುಗರ್, ಬಿಪಿ, ನಿದ್ದೆಯಲ್ಲಿ ಉಸಿರುಗಟ್ಟುವ ಕಾಯಿಲೆ, ಸವೆದ ಮೊಣಕಾಲು ಇಂಥ ಕಾರಣಗಳಿಗಾಗಿ ಜಠರ ಮತ್ತು ಕರುಳಿನ ರಚನೆಯನ್ನೇ ಬದಲಾಯಿಸುವ ಆಪರೇಷನ್.

ಹೆಚ್ಚು ಮಾಡೋದು ಎರಡು ಬಗೆ. ಒಂದು ಸ್ಲೀವ್. ಇದರಲ್ಲಿ ಜಠರದ 75ರಿಂದ 80 ಪರ್ಸೆಂಟ್ ಭಾಗವನ್ನು ಕತ್ತರಿಸಿ ಹೊರಗೆ ತೆಗೀತಾರೆ. ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಮಾತ್ರ ಉಳಿಯುತ್ತೆ. ತೆಗೆದಿದ್ದು ತೆಗೆದದ್ದೇ, ವಾಪಸ್ ಜೋಡಿಸೋಕೆ ಬರಲ್ಲ. ಇನ್ನೊಂದು ಬೈಪಾಸ್. ಹಾರ್ಟಿನ ಬೈಪಾಸ್ ಅಲ್ಲ, ಹೊಟ್ಟೆಯದು. ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚ ಹಿಡಿಯುವಷ್ಟು ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸ್ತಾರೆ. ಊಟ ಹಳೇ ರಸ್ತೆ ಬಿಟ್ಟು ಹೊಸ ರಸ್ತೆಯಲ್ಲಿ ಹೋಗುತ್ತೆ.

ಯಾರಿಗೆ ಬೇಕು ಇದು? ಬಿಎಂಐ ಅಂತ ಒಂದು ಲೆಕ್ಕ ಇದೆ. ನಿಮ್ಮ ತೂಕವನ್ನು ಕಿಲೋದಲ್ಲಿ ತಗೊಂಡು, ಎತ್ತರವನ್ನು ಮೀಟರಿನಲ್ಲಿ ತಗೊಂಡು ಎರಡು ಸಲ ಭಾಗಿಸಿ. 165 ಸೆಂಟಿಮೀಟರ್ ಎತ್ತರ, 110 ಕಿಲೋ ತೂಕ ಇದ್ದರೆ ಬಿಎಂಐ 40 ದಾಟುತ್ತೆ. ಭಾರತೀಯರಿಗೆ ಕಡಿಮೆ ತೂಕದಲ್ಲೇ ಶುಗರ್, ಹಾರ್ಟ್ ಕಾಯಿಲೆ ಬರೋದರಿಂದ ನಮ್ಮ ಸರ್ಜನ್‌ಗಳು ಬಹಳ ಕಾಲದಿಂದ 37.5 ಅಥವಾ ಕಾಯಿಲೆ ಜೊತೆಗಿದ್ದರೆ 32.5 ಅನ್ನೋ ಗಡಿ ಇಟ್ಟುಕೊಂಡಿದ್ದಾರೆ. 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಇದನ್ನೂ ಸಡಿಲ ಮಾಡಿ, ಏಷ್ಯಾದವರಿಗೆ 27.5ರಿಂದಲೇ ಪರಿಗಣಿಸಬಹುದು ಅಂದಿದೆ. ಹಾಗಾಗಿ ಮುಂದಿನ ದಿನಗಳಲ್ಲಿ ಈ ಆಪರೇಷನ್ ನಮ್ಮ ಊರುಗಳಿಗೆ ಇನ್ನೂ ಹತ್ತಿರ ಬರುತ್ತೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಹೆಂಗಸರು, ಗಂಡಸರು ಇಬ್ಬರಲ್ಲೂ ನೂರಕ್ಕೆ ಸುಮಾರು 30 ಮಂದಿಯ ತೂಕ ಮಿತಿಗಿಂತ ಹೆಚ್ಚಿದೆ. ಇದು ಶ್ರೀಮಂತರ ಕಾಯಿಲೆ ಅನ್ನೋ ಕಾಲ ಮುಗೀತು.

ಎರಡು ವಾರದ ಪಥ್ಯ ಯಾರಿಗಾಗಿ?

ಆಪರೇಷನ್ನಿಗೆ ಮುಂಚೆ ಸುಮಾರು ಎರಡು ವಾರ ಅನ್ನ, ರೊಟ್ಟಿ, ಸಕ್ಕರೆ, ಎಣ್ಣೆ ಕಡಿಮೆ ಮಾಡಿಸಿ ಪ್ರೋಟೀನ್ ಜಾಸ್ತಿ ಇರುವ ದ್ರವಾಹಾರ ಕೊಡ್ತಾರೆ. "ಬಾಯಿ ಕಟ್ಟೋಕೆ ಆಗಲ್ಲ ಅಂತಾನೇ ಆಪರೇಷನ್ನಿಗೆ ಬಂದಿದೀವಿ, ಮತ್ತೆ ಬಾಯಿ ಕಟ್ಟು ಅಂದ್ರೆ ಏನರ್ಥ?" ಅಂತ ಕೇಳ್ತಾರೆ ಜನ. ಕೇಳಬೇಕಾದ ಪ್ರಶ್ನೆಯೇ.

ಉತ್ತರ ನಿಮ್ಮ ಲಿವರಿನಲ್ಲಿದೆ. ದೇಹದ ತೂಕ ವಿಪರೀತ ಇದ್ದವರಿಗೆ ಲಿವರ್ ಕೂಡ ಕೊಬ್ಬು ತುಂಬಿ ಊದಿಕೊಂಡಿರುತ್ತೆ. ಅದರ ಎಡಭಾಗ ಸರಿಯಾಗಿ ಜಠರದ ಮೇಲೆಯೇ ಹೊದ್ದುಕೊಂಡು ಮಲಗಿರುತ್ತೆ. ಈ ಆಪರೇಷನ್ ಹೊಟ್ಟೆ ಸೀಳಿ ಮಾಡೋದಲ್ಲ. ಸಣ್ಣ ಸಣ್ಣ ತೂತುಗಳಲ್ಲಿ ಕ್ಯಾಮೆರಾ, ಉಪಕರಣ ಹಾಕಿ ಮಾಡೋದು. ಸರ್ಜನ್ ಆ ಲಿವರನ್ನು ಎತ್ತಿ ಹಿಡಿದು ಅದರಡಿಯ ಜಠರವನ್ನು ಕತ್ತರಿಸಿ ಹೊಲೀಬೇಕು. ಊದಿದ ಲಿವರ್ ಜಾಗ ಕೊಡಲ್ಲ, ಎತ್ತುವಾಗ ಹರಿದು ರಕ್ತ ಬರಬಹುದು. ಎರಡೇ ವಾರದ ಪಥ್ಯದಲ್ಲಿ ಲಿವರಿನ ಕೊಬ್ಬು ಗಣನೀಯವಾಗಿ ಕರಗಿ ಅದು ಕುಗ್ಗುತ್ತೆ. ಅಂದರೆ ಆ ಪಥ್ಯ ನಿಮ್ಮ ಶಿಸ್ತಿನ ಪರೀಕ್ಷೆ ಅಲ್ಲ. ಸರ್ಜನ್ ಕೈಯಾಡಿಸೋಕೆ ನೀವು ಮಾಡಿಕೊಡುವ ಜಾಗ. ಪಥ್ಯ ಮಾಡಿದೀನಿ ಅಂತ ಸುಳ್ಳು ಹೇಳಿದರೆ ಮೋಸ ಹೋಗೋದು ಡಾಕ್ಟರ್ ಅಲ್ಲ, ಟೇಬಲ್ ಮೇಲೆ ಮಲಗಿದವರು.

2017ರಲ್ಲಿ ಈಜಿಪ್ಟಿನ ಇಮಾನ್ ಅಹ್ಮದ್ ಅವರನ್ನು ಮುಂಬೈಗೆ ಕರೆತಂದಿದ್ದು ನಿಮಗೆ ನೆನಪಿರಬಹುದು. ಸುಮಾರು 500 ಕಿಲೋ ತೂಕ ಅಂತ ಹೇಳಲಾಗಿದ್ದ ಮಹಿಳೆ. ಫೆಬ್ರವರಿಯಲ್ಲಿ ಬಂದರು. ಬಂದ ಮರುದಿನವೇ ಆಪರೇಷನ್ ಆಗಲಿಲ್ಲ. ಕೆಲವು ವಾರ ದ್ರವಾಹಾರ, ದೇಹದಲ್ಲಿ ಸೇರಿಕೊಂಡಿದ್ದ ನೀರು ಇಳಿಸುವ ಚಿಕಿತ್ಸೆ, ಫಿಸಿಯೋಥೆರಪಿ ಆಯಿತು. ನೂರು ಕಿಲೋಗೂ ಹೆಚ್ಚು ತೂಕ ಇಳಿದ ಮೇಲೆ ಮಾರ್ಚ್ 7ಕ್ಕೆ ಸ್ಲೀವ್ ಆಪರೇಷನ್. ಆಕೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಬುಧಾಬಿಯಲ್ಲಿ ಹೃದಯ ಮತ್ತು ಕಿಡ್ನಿ ತೊಂದರೆಯಿಂದ ತೀರಿಕೊಂಡರು, ಅದು ಬೇರೆ ಕಥೆ. ಆದರೆ ವಿಮಾನದಲ್ಲಿ ವಿಶೇಷ ಹಾಸಿಗೆ ಮಾಡಿ ತುರ್ತಾಗಿ ತಂದ ರೋಗಿಗೂ ತಯಾರಿ ತಪ್ಪಲಿಲ್ಲ ಅನ್ನೋದನ್ನ ಗಮನಿಸಿ.

ತಯಾರಿಯಲ್ಲಿ ಪರೀಕ್ಷೆಗಳೂ ಇವೆ. ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುವವರಿಗೆ ಅನಸ್ತೇಷಿಯಾ ಕೊಡೋದು ಅಪಾಯ. ಅದು ಮೊದಲೇ ಗೊತ್ತಾದರೆ ಕೆಲವು ವಾರ ಮೂಗಿಗೆ ಮಾಸ್ಕ್ ಹಾಕಿ ಮಲಗಿಸಿ ಸರಿ ಮಾಡ್ಕೋತಾರೆ. ಬೀಡಿ ಸಿಗರೇಟು ಕನಿಷ್ಠ ಆರು ವಾರ ಮೊದಲು ಬಿಡಬೇಕು, ಇಲ್ಲದಿದ್ದರೆ ಹೊಲಿಗೆ ಕೂಡೋದು ನಿಧಾನ, ಶ್ವಾಸಕೋಶಕ್ಕೂ ತೊಂದರೆ. ಥೈರಾಯ್ಡ್, ಮೂರು ತಿಂಗಳ ಸರಾಸರಿ ಶುಗರ್, ಇಸಿಜಿ, ಎಂಡೋಸ್ಕೋಪಿ, ರಕ್ತದಲ್ಲಿ ಕಬ್ಬಿಣ, ಬಿ12, ವಿಟಮಿನ್ ಡಿ. ಮೈತುಂಬ ಮಾಂಸ ಇದ್ದವರಿಗೆ ಪೋಷಕಾಂಶದ ಕೊರತೆ ಇರಲ್ಲ ಅಂದುಕೊಂಡರೆ ತಪ್ಪು. ತುಂಬಾ ಜನರಿಗೆ ಆಪರೇಷನ್ನಿಗೆ ಮೊದಲೇ ಕೊರತೆ ಇರುತ್ತೆ. ಹೊಟ್ಟೆ ಚಿಕ್ಕದಾದ ಮೇಲೆ ಅದು ಇನ್ನೂ ಹೆಚ್ಚುತ್ತೆ.

ಮನೆಗೆ ಬಂದ ಮೇಲಿನ ಕಥೆ

ನಾನು ಓದಿದ್ದು ಇಂಜಿನಿಯರಿಂಗ್. ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರೋ ವಿಷಯ ಹೇಳ್ತೀನಿ. ಸ್ಲ್ಯಾಬ್ ಹಾಕೋದು ಒಂದು ದಿನದ ಕೆಲಸ. ಅದಕ್ಕೆ ಮೊದಲು ಸೆಂಟ್ರಿಂಗ್ ಮಾಡೋಕೆ ವಾರಗಟ್ಟಲೆ ಬೇಕು, ಆಮೇಲೆ ನೀರುಣಿಸೋಕೂ ವಾರಗಟ್ಟಲೆ ಬೇಕು. ಸ್ಲ್ಯಾಬ್ ದಿನ ಮಾತ್ರ ನೆಂಟರನ್ನು ಕರೆದು ಊಟ ಹಾಕಿಸ್ತೀವಿ. ಆದರೆ ಮನೆ ನಿಲ್ಲೋದು ಹಿಂದೆ ಮುಂದೆ ಮಾಡಿದ ಕೆಲಸದ ಮೇಲೆ. ಈ ಆಪರೇಷನ್ನೂ ಹಾಗೆಯೇ. ಟೇಬಲ್ ಮೇಲೆ ಕಳೆಯೋದು ಒಂದೆರಡು ಗಂಟೆ, ಆಸ್ಪತ್ರೆಯಲ್ಲಿ ಎರಡು ಮೂರು ದಿನ. ಆಮೇಲೆ ಆ ಹೊಸ ಹೊಟ್ಟೆಯನ್ನು ಇಟ್ಟುಕೊಂಡು ಬದುಕಬೇಕಾದ್ದು ಜೀವನಪೂರ್ತಿ. ಕ್ಲಾಸಿನಲ್ಲಿ ಹೇಳಿಕೊಡೋದು ಅದನ್ನ.

ಊಟದಿಂದ ಶುರು ಮಾಡೋಣ. ಮೊದಲ ಎರಡು ವಾರ ದ್ರವ ಮಾತ್ರ. ಆಮೇಲೆ ನುಣ್ಣಗೆ ರುಬ್ಬಿದ್ದು. ಆಮೇಲೆ ಮೆತ್ತಗಿನದು. ಗಟ್ಟಿ ಊಟಕ್ಕೆ ಬರೋಕೆ ಹೆಚ್ಚುಕಡಿಮೆ ಆರರಿಂದ ಎಂಟು ವಾರ. ನಮ್ಮ ಕಡೆ ಆಪರೇಷನ್ ಆದವರನ್ನು ನೋಡೋಕೆ ಬರೋ ನೆಂಟರು ಏನು ಹೇಳ್ತಾರೆ? "ಭಾಳ ಸೊರಗಿದಿ, ಅರ್ಧ ರೊಟ್ಟಿ ತಿನ್ನು, ಶಕ್ತಿ ಬರ್ತೈತಿ" ಅಂತಾರೆ. ಪ್ರೀತಿಯ ಮಾತು. ಹತ್ತನೇ ದಿನ ಆ ಅರ್ಧ ಜೋಳದ ರೊಟ್ಟಿ ಹೊಸ ಹೊಲಿಗೆಯ ಮೇಲೆ ಹೋಗಿ ಕೂತರೆ ವಾಂತಿ, ನೋವು, ಕೆಟ್ಟ ಅದೃಷ್ಟ ಇದ್ದರೆ ಹೊಲಿಗೆಗೇ ಪೆಟ್ಟು. ಅದಕ್ಕೇ ಕ್ಲಾಸಿಗೆ ಮನೆಯಲ್ಲಿ ಅಡುಗೆ ಮಾಡೋರನ್ನೂ ಕರ್ಕೊಂಡು ಬನ್ನಿ ಅಂತ ಹೇಳೋದು. ಆಪರೇಷನ್ ಆಗೋದು ಒಬ್ಬರಿಗೆ, ಬದಲಾಗಬೇಕಾದ್ದು ಇಡೀ ಅಡುಗೆಮನೆ.

ಊಟದ ಜೊತೆ ನೀರು ಕುಡಿಯೋ ಹಾಗಿಲ್ಲ. ಊಟ ಆಗಿ ಅರ್ಧ ಗಂಟೆ ಬಿಡಬೇಕು. ಆದರೂ ದಿನಕ್ಕೆ ಒಂದೂವರೆ ಲೀಟರ್ ಹೋಗಲೇಬೇಕು, ಗುಟುಕು ಗುಟುಕಾಗಿ. ತಂಬಿಗೆ ಎತ್ತಿ ಗಟಗಟ ಕುಡಿಯೋ ಅಭ್ಯಾಸ ಇರೋ ನಮ್ಮೋರಿಗೆ ಇದು ಹೇಳಿದಷ್ಟು ಸುಲಭ ಅಲ್ಲ, ಮೊದಲೇ ಕೆಲವು ವಾರ ರೂಢಿ ಮಾಡಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಮೊಟ್ಟೆ, ಮಾಂಸ ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ಅವರು ಹೆಸರುಕಾಳು, ಮೊಸರು, ಪನೀರ್, ಪ್ರೋಟೀನ್ ಪುಡಿ ಲೆಕ್ಕ ಹಾಕಿ ತಿನ್ನಬೇಕು. ಹೊಟ್ಟೆ ಹಿಡಿಯೋದೇ ಅರ್ಧ ಬಟ್ಟಲು, ಆ ಅರ್ಧ ಬಟ್ಟಲಲ್ಲಿ ಅನ್ನ ತುಂಬಿದರೆ ಪ್ರೋಟೀನಿಗೆ ಜಾಗ ಎಲ್ಲಿ? ಬೈಪಾಸ್ ಆದವರು ಮದುವೆಯಲ್ಲಿ ಒಂದು ಹೋಳಿಗೆ ತಿಂದರೆ ಸಕ್ಕರೆ ನೇರ ಕರುಳಿಗೆ ಇಳಿದು ಬೆವರು, ಎದೆಬಡಿತ, ಭೇದಿ ಶುರುವಾಗಬಹುದು. ಗೊತ್ತಿದ್ದವರು ಸುಮ್ಮನೆ ಮಲಗಿ ಸುಧಾರಿಸ್ಕೋತಾರೆ. ಗೊತ್ತಿಲ್ಲದವರು ಹಾರ್ಟ್ ಅಟ್ಯಾಕ್ ಅಂತ ಗಾಬರಿಯಾಗ್ತಾರೆ.

ಇನ್ನು ಔಷಧಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದರೆ ಪ್ರಾಣದ ಪ್ರಶ್ನೆ ಇರೋದು ಇಲ್ಲೇ.

ಒಂದು, ಶುಗರ್ ಮಾತ್ರೆ. ಆಪರೇಷನ್ ಆದ ಕೆಲವೇ ದಿನಗಳಲ್ಲಿ ಬಹಳ ಜನರ ಶುಗರ್ ಇಳಿಯೋಕೆ ಶುರುವಾಗುತ್ತೆ, ತೂಕ ಇಳಿಯೋಕೆ ಮುಂಚೆಯೇ. ಹಳೇ ಡೋಸಿನ ಇನ್ಸುಲಿನ್, ಹಳೇ ಮಾತ್ರೆ ಹಾಗೇ ಮುಂದುವರಿಸಿದರೆ ಶುಗರ್ ಪಾತಾಳಕ್ಕೆ ಹೋಗಿ ಪ್ರಜ್ಞೆ ತಪ್ಪಬಹುದು. ಬಿಪಿ ಮಾತ್ರೆಗೂ ಇದೇ ಮಾತು. ಯಾವುದನ್ನು ಯಾವಾಗ ಕಡಿಮೆ ಮಾಡಬೇಕು ಅನ್ನೋದು ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ತಲೆಗೆ ಹತ್ತಲ್ಲ.

ಎರಡು, ನೋವಿನ ಮಾತ್ರೆ. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಲ್ಲಿ "ಒಂದು ನೋವಿನ ಗುಳಿಗಿ ಕೊಡ್ರಿ" ಅಂತ ತಗೊಂಡು ನುಂಗೋದು ನಮ್ಮಲ್ಲಿ ಚಹಾ ಕುಡಿದಷ್ಟು ಸಹಜ. ಬೈಪಾಸ್ ಆದವರಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಬಲ್ಲವು. ಆ ಹುಣ್ಣಿನಿಂದ ರಕ್ತ ಸುರಿಯಬಹುದು, ತೂತೇ ಬೀಳಬಹುದು.

ಮೂರು, ವಿಟಮಿನ್. ಸ್ಲೀವ್ ಮಾಡುವಾಗ ಕತ್ತರಿಸಿ ತೆಗೆಯೋ ಭಾಗದಲ್ಲೇ ಆಹಾರದಿಂದ ಬಿ12 ಬಿಡಿಸಿಕೊಳ್ಳೋಕೆ ಬೇಕಾದ ಆಮ್ಲ, ಅದನ್ನು ಹೀರಿಕೊಳ್ಳೋಕೆ ಬೇಕಾದ ಅಂಶ ತಯಾರಾಗೋದು. ಬೈಪಾಸ್‌ನಲ್ಲಿ ಊಟ ಆ ಭಾಗವನ್ನು ಮುಟ್ಟೋದೇ ಇಲ್ಲ. ಹಾಗಾಗಿ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ಬೇಕು. "ತೂಕ ಇಳೀತಲ್ಲ, ಇನ್ಯಾಕೆ ಗುಳಿಗಿ" ಅಂತ ಬಿಟ್ಟವರಿಗೆ ತಕ್ಷಣ ಏನೂ ಆಗಲ್ಲ. ಬಿ12 ಲಿವರಿನಲ್ಲಿ ಸಂಗ್ರಹ ಇರುತ್ತೆ. ಅದು ಖಾಲಿಯಾದ ಮೇಲೆ ಕೈಕಾಲು ಜೋಮು ಹಿಡಿಯುತ್ತೆ, ನಡಿಗೆ ತಪ್ಪುತ್ತೆ, ನರಕ್ಕೆ ಆದ ಹಾನಿ ಪೂರ್ತಿ ವಾಪಸ್ ಬರದೇ ಇರಬಹುದು. ಸಸ್ಯಾಹಾರಿಗಳಲ್ಲಿ ಆ ಸಂಗ್ರಹ ಮೊದಲೇ ಕಡಿಮೆ.

ನಾಲ್ಕು, ಸಲಾಯನ್. ನಮ್ಮ ಹಳ್ಳಿಗಳಲ್ಲಿ ಸುಸ್ತು ಅಂದ ಕೂಡಲೇ "ಒಂದು ಬಾಟ್ಲಿ ಏರಿಸ್ರಿ" ಅಂತೀವಿ. ಆಪರೇಷನ್ ಆಗಿ ತಿಂಗಳೊಪ್ಪತ್ತಿನಲ್ಲಿ ಪದೇಪದೇ ವಾಂತಿ ಆಗ್ತಿದ್ದರೆ ದೇಹದಲ್ಲಿ ಥಯಾಮಿನ್, ಅಂದರೆ ಬಿ1, ಎರಡು ಮೂರು ವಾರದಲ್ಲೇ ಖಾಲಿಯಾಗಿರುತ್ತೆ. ಕಣ್ಣಿಗೆ ಎರಡೆರಡು ಕಾಣೋದು, ತೂರಾಡೋದು, ಮಾತು ಗಲಿಬಿಲಿ ಆಗೋದು ಅದರ ಲಕ್ಷಣ. ಆ ಹೊತ್ತಿನಲ್ಲಿ ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಅಲ್ಪಸ್ವಲ್ಪ ಬಿ1 ಕೂಡ ಖರ್ಚಾಗಿ ಮೆದುಳಿಗೆ ಶಾಶ್ವತ ಹಾನಿ ಆಗಬಹುದು. ಊರಿನ ಡಾಕ್ಟರಿಗೆ ನಿಮಗೆ ಏನು ಆಪರೇಷನ್ ಆಗಿದೆ ಅಂತ ನೀವೇ ಹೇಳಬೇಕು. ಹೇಳಬೇಕು ಅಂತ ನಿಮಗೆ ಗೊತ್ತಿರಬೇಕು. ಗೊತ್ತಾಗೋದು ಕ್ಲಾಸಿನಲ್ಲಿ.

ಇದರ ಜೊತೆಗೆ ಅಪಾಯದ ಚಿಹ್ನೆಗಳು. ಮೊದಲ ಎರಡು ವಾರದಲ್ಲಿ ಜ್ವರ, ಸುಮ್ಮನೆ ಕೂತಾಗಲೂ ನಿಮಿಷಕ್ಕೆ 120 ದಾಟುವ ನಾಡಿ, ಹೊಟ್ಟೆನೋವು, ಎಡ ಭುಜದ ನೋವು, ಉಸಿರಾಟದ ತೊಂದರೆ. ಇವು ಹೊಲಿಗೆ ಸೋರುತ್ತಿದೆ ಅಥವಾ ರಕ್ತ ಹೆಪ್ಪುಗಟ್ಟಿದೆ ಅನ್ನೋದರ ಸೂಚನೆ ಆಗಿರಬಹುದು. ಹಾವೇರಿಯಲ್ಲಿ ಕೂತು "ಗ್ಯಾಸ್ ಇರಬೇಕು, ನಾಳೆ ನೋಡೋಣ" ಅಂತ ಒಂದು ರಾತ್ರಿ ಕಳೆದರೆ, ಆ ರಾತ್ರಿಯೇ ದುಬಾರಿಯಾಗಬಹುದು. ಹುಬ್ಬಳ್ಳಿ ಪಕ್ಕದ ಬೀದಿಯಲ್ಲಿ ಇರೋರಿಗಿಂತ ನೂರು ಕಿಲೋಮೀಟರ್ ದೂರ ಇರುವ ನಮಗೇ ಈ ಪಾಠ ಹೆಚ್ಚು ಬೇಕು. ದೂರ ಅನ್ನೋದು ಕ್ಲಾಸ್ ತಪ್ಪಿಸೋಕೆ ಕಾರಣ ಅಲ್ಲ, ಕ್ಲಾಸಿಗೆ ಹೋಗೋಕೆ ಕಾರಣ.

ಮನಸ್ಸಿನ ಡಾಕ್ಟರ್ ಹತ್ತಿರ ಯಾಕೆ ಕಳಿಸ್ತಾರೆ? ನಿಮಗೆ ಹುಚ್ಚು ಅಂತ ಅಲ್ಲ. ಬೇಸರ ಆದಾಗ, ಜಗಳ ಆದಾಗ, ಒಂಟಿ ಅನ್ನಿಸಿದಾಗ ಮಿರ್ಚಿ-ಮಂಡಕ್ಕಿಯೇ ಸಮಾಧಾನ ಆಗಿದ್ದರೆ, ಆಪರೇಷನ್ ಆದ ಮೇಲೆ ಆ ಬಾಗಿಲು ಮುಚ್ಚುತ್ತೆ. ಬೇಸರ ಮಾತ್ರ ಹಾಗೇ ಇರುತ್ತೆ. ಅದು ಬೇರೆ ಬಾಗಿಲು ಹುಡುಕುತ್ತೆ. ಬೈಪಾಸ್ ಆದವರಲ್ಲಿ ಕುಡಿತ ಬೇಗ ಏರುತ್ತೆ, ಎರಡನೇ ವರ್ಷದ ಹೊತ್ತಿಗೆ ಕುಡಿತದ ಸಮಸ್ಯೆ ಹೆಚ್ಚುತ್ತೆ ಅಂತ ಅಮೆರಿಕದ ಅಧ್ಯಯನ 2012ರಲ್ಲೇ ತೋರಿಸಿದೆ. ಮದುವೆ ವಯಸ್ಸಿನ ಹೆಣ್ಣುಮಕ್ಕಳಿಗೆ ಇನ್ನೊಂದು ವಿಷಯ: ಆಪರೇಷನ್ ಆಗಿ 12ರಿಂದ 18 ತಿಂಗಳು ಗರ್ಭ ಧರಿಸಬಾರದು. ಮದುವೆಗೆ ಮುಂಚೆ ತೂಕ ಇಳಿಸಿಬಿಡೋಣ ಅಂತ ಗುಟ್ಟಾಗಿ ಆಪರೇಷನ್ ಮಾಡಿಸಿ, ಮದುವೆಯಾದ ಮೂರನೇ ತಿಂಗಳಿಗೆ "ಏನಾದ್ರೂ ವಿಶೇಷ ಐತೇನು?" ಅಂತ ಕೇಳೋ ನಮ್ಮ ಸಮಾಜದಲ್ಲಿ ಈ ಮಾತು ಗಂಡನಿಗೂ ಅತ್ತೆಗೂ ಗೊತ್ತಿರಬೇಕಾದ್ದು.

ಹಾಗಾದರೆ ಎಲ್ಲಾ ಕ್ಲಾಸೂ ಬೇಕಾ?

ಈಗ ಇನ್ನೊಂದು ಬದಿ ನೋಡೋಣ. ಹೊಟ್ಟೆಯ ಬೈಪಾಸ್ ಆಪರೇಷನ್ನನ್ನು ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ 1966ರಲ್ಲಿ ಶುರು ಮಾಡಿದರು. 1991ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಒಂದು ನಿಯಮಾವಳಿ ತಂದಿತು: ಸರ್ಜನ್ ಒಬ್ಬರೇ ತೀರ್ಮಾನ ಮಾಡಬಾರದು, ಫಿಸಿಷಿಯನ್, ಡಯಟಿಷಿಯನ್, ಮನೋವೈದ್ಯರು ಸೇರಿ ನೋಡಬೇಕು ಅಂತ. ಒಳ್ಳೇ ಮಾತು. ಆದರೆ ಕಾಲಕ್ರಮೇಣ ಅಲ್ಲಿನ ಇನ್ಶೂರೆನ್ಸ್ ಕಂಪನಿಗಳು ಇದನ್ನೇ ಹಿಡಿದುಕೊಂಡು "ಮೂರು ತಿಂಗಳು, ಆರು ತಿಂಗಳು ಪಥ್ಯದ ಕ್ಲಾಸ್ ಮುಗಿಸಿ, ಒಂದು ತಿಂಗಳು ತಪ್ಪಿದರೆ ಮೊದಲಿನಿಂದ ಶುರು" ಅನ್ನೋಕೆ ಶುರು ಮಾಡಿದವು. ಬೇಸತ್ತ ರೋಗಿಗಳು ಅರ್ಧಕ್ಕೇ ಬಿಟ್ಟು ಹೋದರು. 2016ರಲ್ಲಿ ಅಲ್ಲಿನ ಬೇರಿಯಾಟ್ರಿಕ್ ಸರ್ಜನ್‌ಗಳ ಸಂಘವೇ ಇದನ್ನು ಖಂಡಿಸಿತು. ಹೀಗೆ ಕಡ್ಡಾಯವಾಗಿ ತಿಂಗಳುಗಟ್ಟಲೆ ಕಾಯಿಸಿ ತೂಕ ಇಳಿಸಿಕೊಂಡು ಬಾ ಅನ್ನೋದಕ್ಕೆ ವೈಜ್ಞಾನಿಕ ಆಧಾರ ಇಲ್ಲ, ಇದು ರೋಗಿಗೆ ಅನ್ಯಾಯ ಅಂದಿತು.

ಇದನ್ನು ಓದಿದವರು "ನೋಡಿ, ಕ್ಲಾಸ್ ಬೇಡ ಅಂತ ಅಮೆರಿಕದ ಡಾಕ್ಟ್ರೇ ಹೇಳಿದಾರೆ" ಅಂತ ವಾಟ್ಸಾಪಿನಲ್ಲಿ ಹಾಕಬಹುದು. ಅವರು ಹೇಳಿದ್ದು ಅದಲ್ಲ. ಕಾಯಿಸೋದು ಬೇರೆ, ಕಲಿಸೋದು ಬೇರೆ. ತಿಂಗಳುಗಟ್ಟಲೆ ಕಾಯಿಸೋದನ್ನ ಅವರು ವಿರೋಧಿಸಿದರು, ಕಲಿಸೋದನ್ನ ಅಲ್ಲ. ನಾವೂ ಇದೇ ಗೆರೆ ಎಳೀಬೇಕು. ಎಷ್ಟು ಕ್ಲಾಸು, ಎಷ್ಟು ದಿನ, ಎಲ್ಲಿ ಅನ್ನೋದರ ಬಗ್ಗೆ ಆಸ್ಪತ್ರೆ ಜೊತೆ ಚೌಕಾಸಿ ಮಾಡಿ, ತಪ್ಪಿಲ್ಲ. ಡಯಟಿಷಿಯನ್, ಮನೋವೈದ್ಯರು, ಅನಸ್ತೇಷಿಯಾ ಮೂರನ್ನೂ ಒಂದೇ ದಿನ ಮುಗಿಸಿಕೊಡಿ ಅನ್ನಿ. ಉಳಿದಿದ್ದನ್ನು ವಿಡಿಯೋ ಕಾಲ್‌ನಲ್ಲಿ ಮಾಡಿ ಅನ್ನಿ. ಕನ್ನಡದಲ್ಲಿ ಬರೆದು ಕೊಡಿ ಅನ್ನಿ. ಇಂಗ್ಲಿಷಿನ ಚಾರ್ಟಿನಲ್ಲಿ ಓಟ್ಸ್, ಬ್ರೊಕೋಲಿ ಅಂತ ಇದ್ದರೆ, ನಮ್ಮ ಮನೆಯಲ್ಲಿ ಮಾಡೋದು ಹೆಸರುಕಾಳು ಪಲ್ಯ, ಮೊಸರು, ನುಚ್ಚು, ಅದರಲ್ಲಿ ಹೇಳ್ರಿ ಅನ್ನಿ. ಇಷ್ಟೆಲ್ಲಾ ಕೇಳೋ ಹಕ್ಕು ನಿಮಗಿದೆ. ಕಲಿಯದೇ ಟೇಬಲ್ ಹತ್ತೋದು ಮಾತ್ರ ಬೇಡ.

ಹೇಳದೆ ಮಾಡಿದ ಆಪರೇಷನ್ನಿನ ಊರು

ಹಕ್ಕು ಅಂದೆ. ಆ ಪದವನ್ನು ಸುಮ್ಮನೆ ಬಳಸಿಲ್ಲ. ಹೇಳದೆ ಕೇಳದೆ ಆಪರೇಷನ್ ಮಾಡಿದರೆ ಏನಾಗುತ್ತೆ ಅಂತ ರಾಣೆಬೆನ್ನೂರಿನವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ 2010ರಿಂದ 2017ರ ನಡುವೆ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳ ಗರ್ಭಕೋಶ ತೆಗೆದ ಪ್ರಕರಣ ಇಡೀ ರಾಜ್ಯಕ್ಕೆ ಗೊತ್ತು. ಬಹುಪಾಲು ತಾಂಡಾಗಳ ಬಡ ಲಂಬಾಣಿ ಮಹಿಳೆಯರು. ಹೊಟ್ಟೆನೋವು ಅಂತ ಹೋದವರಿಗೆ ಕ್ಯಾನ್ಸರ್ ಹೆದರಿಕೆ ಹುಟ್ಟಿಸಿ, ಅಗತ್ಯ ಇಲ್ಲದಿದ್ದರೂ, ಮುಂದೆ ಏನಾಗುತ್ತೆ ಅಂತ ಹೇಳದೆ ಆಪರೇಷನ್ ಮಾಡಿದರು ಅನ್ನೋದು ಆ ಮಹಿಳೆಯರ ದೂರು. ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ಬೀದಿಯಲ್ಲಿ ಹೋರಾಡಬೇಕಾಯಿತು. ಆಪರೇಷನ್ನಿಗೆ ಮೊದಲು ಕೂರಿಸಿ ವಿವರಿಸುವ ಒಂದು ಗಂಟೆ ಸಿಕ್ಕಿದ್ದರೆ, ಅವರಲ್ಲಿ ಎಷ್ಟು ಜನ "ಬೇಡ" ಅನ್ನುತ್ತಿದ್ದರೋ.

2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಕೊಟ್ಟ ತೀರ್ಪೂ ಗರ್ಭಕೋಶದ ಆಪರೇಷನ್ನಿಗೇ ಸಂಬಂಧಿಸಿದ್ದು. ಪರೀಕ್ಷೆಗೆ ಅಂತ ಮಲಗಿಸಿ, ಆಕೆಯ ಒಪ್ಪಿಗೆ ಇಲ್ಲದೆ ಗರ್ಭಕೋಶ ತೆಗೆದಿದ್ದರು. ಸಹಿ ಇದ್ದರೆ ಸಾಲದು, ಒಪ್ಪಿಗೆ ನಿಜವಾದದ್ದಾಗಿರಬೇಕು ಅಂತ ಕೋರ್ಟ್ ಹೇಳಿತು. ಚಿಕಿತ್ಸೆ ಎಂಥದ್ದು, ಯಾಕೆ, ಲಾಭ ಏನು, ಅಪಾಯ ಏನು, ಬೇರೆ ದಾರಿ ಇದೆಯಾ ಅಂತ ರೋಗಿಗೆ ತಿಳಿಸಲೇಬೇಕು ಅಂದಿತು. ತೂಕದ ಆಪರೇಷನ್ನಿಗೆ ಮುಂಚಿನ ಕ್ಲಾಸ್ ಅಂದರೆ ಈ ತೀರ್ಪನ್ನು ನಡೆಸಿಕೊಡುವ ಜಾಗ. ಒಂದು ಕಡೆ ಹೇಳಲಿಲ್ಲ ಅಂತ ಬೀದಿಗೆ ಬಂದ ಹೆಣ್ಣುಮಕ್ಕಳು. ಅದೇ ಜಿಲ್ಲೆಯಲ್ಲಿ ಇವತ್ತು ಹೇಳ್ತೀವಿ ಬನ್ನಿ ಅಂದರೆ ಪುರುಸೊತ್ತಿಲ್ಲ ಅನ್ನೋ ನಾವು.

ಆಸ್ಪತ್ರೆಗೆ ನೀವು ಕೇಳಬೇಕಾದ್ದು

"ನಮ್ಮಲ್ಲಿ ಕ್ಲಾಸ್ ಗೀಸ್ ಏನೂ ಇಲ್ಲ, ಇವತ್ತು ಅಡ್ಮಿಟ್ ನಾಳೆ ಆಪರೇಷನ್, ಪ್ಯಾಕೇಜಿನಲ್ಲಿ ಡಿಸ್ಕೌಂಟ್" ಅನ್ನೋ ಆಸ್ಪತ್ರೆ ಸಿಕ್ಕರೆ ಖುಷಿಪಡಬೇಡಿ, ಹುಷಾರಾಗಿ. 2024ರ ಏಪ್ರಿಲ್‌ನಲ್ಲಿ ಪುದುಚೇರಿಯ 26 ವರ್ಷದ ಯುವಕ ಚೆನ್ನೈನಲ್ಲಿ ತೂಕದ ಆಪರೇಷನ್ ವೇಳೆ ತೀರಿಕೊಂಡಾಗ ತಮಿಳುನಾಡು ಸರ್ಕಾರ ತನಿಖೆ ಮಾಡಿಸಬೇಕಾಯಿತು. ಅನುಭವಿ ಕೈಗಳಲ್ಲಿ ಈ ಆಪರೇಷನ್ ಸುರಕ್ಷಿತವೇ. ದೊಡ್ಡ ಅಧ್ಯಯನಗಳ ಪ್ರಕಾರ ಮೊದಲ ತಿಂಗಳ ಸಾವಿನ ಪ್ರಮಾಣ ಸಾವಿರಕ್ಕೆ ಒಂದರಿಂದ ಮೂರು. ಆದರೆ ಆ ಲೆಕ್ಕ ತಯಾರಿ ಮಾಡಿ, ತಂಡ ಕಟ್ಟಿಕೊಂಡು ಮಾಡುವ ಕಡೆಯದ್ದು.

ಹಾಗಾಗಿ ಕೇಳಿ: ವರ್ಷಕ್ಕೆ ಎಷ್ಟು ಜನರಿಗೆ ಮಾಡ್ತೀರಿ? ಐಸಿಯು ಇಲ್ಲೇ ಇದೆಯಾ? ನನಗೆ ಸ್ಲೀವ್ ಯಾಕೆ, ಬೈಪಾಸ್ ಯಾಕಲ್ಲ? ರಾತ್ರಿ ಎರಡು ಗಂಟೆಗೆ ಬ್ಯಾಡಗಿಯಿಂದ ಫೋನ್ ಮಾಡಿದರೆ ಎತ್ತೋರು ಯಾರು? ಒಂದು ವರ್ಷ, ಐದು ವರ್ಷ ಆದ ಮೇಲೂ ರಕ್ತ ಪರೀಕ್ಷೆ ನೋಡೋರು ಯಾರು?

ಇನ್ಶೂರೆನ್ಸ್ ಇದ್ದವರಿಗೆ ಇನ್ನೊಂದು ಲೆಕ್ಕ. ಐಆರ್‌ಡಿಎಐ 2019ರಲ್ಲಿ ಮಾಡಿದ ನಿಯಮದ ಪ್ರಕಾರ ಬೊಜ್ಜಿನ ಆಪರೇಷನ್ನಿಗೆ ಹಣ ಸಿಗಬೇಕಾದರೆ ವಯಸ್ಸು 18 ಆಗಿರಬೇಕು, ವೈದ್ಯರ ಸಲಹೆ ಇರಬೇಕು, ಬಿಎಂಐ 40 ಇರಬೇಕು. ಅಥವಾ ಬಿಎಂಐ 35 ಇದ್ದು, ಹತೋಟಿಗೆ ಬಾರದ ಶುಗರ್, ಹೃದಯದ ಕಾಯಿಲೆ, ತೀವ್ರವಾದ ನಿದ್ರಾ ಉಸಿರುಗಟ್ಟುವಿಕೆ ಇಂಥದ್ದರ ಜೊತೆಗೆ, ಆಪರೇಷನ್ ಇಲ್ಲದೆ ತೂಕ ಇಳಿಸುವ ಪ್ರಯತ್ನ ವಿಫಲ ಆಗಿರಬೇಕು. ಆ ಪ್ರಯತ್ನಕ್ಕೆ ಪುರಾವೆ ಏನು? ಡಯಟಿಷಿಯನ್ ಚೀಟಿ, ತೂಕದ ದಾಖಲೆ, ಪರೀಕ್ಷೆಯ ವರದಿ. ಕ್ಲಾಸ್ ತಪ್ಪಿಸಿದರೆ ಎಷ್ಟೋ ಸಲ ಕ್ಲೈಮ್ ಫೈಲಿನ ಕಾಗದವೂ ತಪ್ಪುತ್ತೆ. ಉಳಿಸಿದ ಬಸ್ ಚಾರ್ಜು ಎಷ್ಟು, ಕಳಕೊಳ್ಳೋ ಲಕ್ಷ ಎಷ್ಟು, ಲೆಕ್ಕ ನಿಮಗೇ ಬಿಟ್ಟೆ.

ಕೊನೆಯದಾಗಿ, ಕ್ಲಾಸಿನಿಂದ ಆಗಬಹುದಾದ ಒಂದು ಒಳ್ಳೆಯ ಕೆಲಸವನ್ನ ಯಾರೂ ಹೇಳಲ್ಲ. ಎಲ್ಲವನ್ನೂ ಕೇಳಿ, ತಿಳಿದು, "ಇದು ನನಗೆ ಈಗ ಬೇಡ" ಅಂತ ನೀವು ಎದ್ದು ಬರಬಹುದು. ಅದು ಸೋಲಲ್ಲ. ಕತ್ತರಿಸೋಕೆ ಮುಂಚೆ ಮನಸ್ಸು ಬದಲಾಯಿಸಬಹುದು, ಕತ್ತರಿಸಿದ ಮೇಲೆ ಆಗಲ್ಲ. ಅಥವಾ ಎಲ್ಲವನ್ನೂ ತಿಳಿದ ಮೇಲೂ "ಬೇಕು" ಅನ್ನಿಸಿದರೆ ಧೈರ್ಯವಾಗಿ ಹೋಗಿ. ಶುಗರ್ ಇಳಿದು, ಮೊಣಕಾಲಿನ ಭಾರ ಇಳಿದು ಹೊಸ ಜೀವ ಪಡೆದವರು ಬಹಳ ಜನ ಇದ್ದಾರೆ. ನಾಚಿಕೆಪಡೋ ವಿಷಯ ಇದರಲ್ಲಿ ಏನೂ ಇಲ್ಲ. ಆದರೆ ಹೋಗುವಾಗ ಮನೆಯವರ ಕೈ ಹಿಡಿದುಕೊಂಡು, ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು, ಮೊದಲು ಕ್ಲಾಸಿಗೆ ಹೋಗಿ. ಆಪರೇಷನ್ ಥಿಯೇಟರಿನಲ್ಲಿ ಎಚ್ಚರ ಇರಬೇಕಾದ್ದು ಡಾಕ್ಟರ್. ಅದಕ್ಕೆ ಮೊದಲು ಎಚ್ಚರ ಇರಬೇಕಾದ್ದು ನೀವು.